ಮೈಗೆ ಹೊಂದಿದ ಕವಚ

ಕರ್ಣನು ಕವಚಕುಂಡಲಗಳೊಡನೆಯೇ ಹುಟ್ಟಿದನೆಂಬ ಕಥೆಯನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಮಠದ ಪಾಠಶಾಲೆಯಲ್ಲಿ ಆ ಕಥೆಯನ್ನು ಓದುವ ಕಾಲಕ್ಕೆ, ಆ ಕವಚವನ್ನು ಇಂದ್ರನಿಗೆ ಕೊಯ್ದು ಕೊಟ್ಟ ತ್ಯಾಗದ ಕಡೆಗೇ ನಮ್ಮ ಲಕ್ಷ್ಯವೆಲ್ಲ ಹರಿದಿತ್ತು. ಅದರ ಮತ್ತೊಂದು ಗುಣ ನಮಗೆ ಹೊಳೆದದ್ದು ಅರವತ್ತು ದಾಟಿದ ಮೇಲೆ, ಆಸ್ಪತ್ರೆಯೊಂದರ ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದಾಗ. ಕರ್ಣನ ಕವಚ ಅವನ ಮೈಯೊಡನೆ ಬೆಳೆದದ್ದು. ಅದು ಸಡಿಲವೂ ಆಗಲಿಲ್ಲ, ಬಿಗಿಯೂ ಆಗಲಿಲ್ಲ, ಇರಬೇಕಾದ ಜಾಗದಿಂದ ಎಂದೂ ಜಾರಲಿಲ್ಲ. ಅಂಗಡಿಯಲ್ಲಿ ಕೊಂಡು ತರುವ ಕವಚಕ್ಕೆ ಆ ಭಾಗ್ಯವಿಲ್ಲ. ಅದನ್ನು ನಾವೇ ಆರಿಸಬೇಕು, ನಾವೇ ಮೈಗೆ ಹೊಂದಿಸಬೇಕು.

ನಮ್ಮ ತಮ್ಮನ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಹಬ್ಬ ಹುಣ್ಣಿಮೆಗಳಿಗೆ ಹಾವೇರಿ ಸೀಮೆಯ ನಮ್ಮ ಊರಿಗೆ ಬೈಕಿನಲ್ಲಿಯೇ ಬರುವುದು ಅವನ ರೂಢಿ. ದಾರಿ ಮುನ್ನೂರು ಕಿಲೋಮೀಟರಿಗೂ ಮಿಗಿಲು. 2021ರಲ್ಲಿ ಸವಾರಿಗೆಂದೇ ಸಿದ್ಧಪಡಿಸಿದ, ಮೊಣಕಾಲಿನ ಭಾಗದಲ್ಲಿ ಆರ್ಮರ್ ಇರಿಸಿದ ಪ್ಯಾಂಟೊಂದನ್ನು ಕೊಳ್ಳಲು ಅವನು ಹೊರಟಾಗ ನಾವೂ ಜೊತೆಗೆ ಹೋಗಿದ್ದೆವು. ಅವನ ಅಳತೆಯದು ನಮ್ಮ ಕಣ್ಣಿಗೆ ಬಿಗಿಯೆನಿಸಿತು. 'ಒಂದು ಅಳತೆ ದೊಡ್ಡದನ್ನೇ ತೆಗೆದುಕೋ, ಗಾಳಿಯೂ ಆಡುತ್ತದೆ, ನಾಲ್ಕು ವರ್ಷ ಬಾಳಿಕೆಯೂ ಬರುತ್ತದೆ' ಎಂದೆವು. ಹಿರಿಯರ ಮಾತನ್ನು ಮೀರಬಾರದೆಂದು ಅವನು ಹಾಗೆಯೇ ಮಾಡಿದ.

ಅದೇ ವರ್ಷ ಕಾರ್ತಿಕದಲ್ಲಿ ಊರಿಗೆ ಬರುವಾಗ ರಾಣೆಬೆನ್ನೂರಿನ ಸಮೀಪ ನಾಯಿಯೊಂದು ಅಡ್ಡ ಬಂದು ಬೈಕು ಉರುಳಿತು. ವೇಗ ಹೆಚ್ಚಿರಲಿಲ್ಲ. ತಲೆಗೆ ಹೆಲ್ಮೆಟ್ಟಿದ್ದುದರಿಂದ ತಲೆ ಉಳಿಯಿತು. ಜಾಕೀಟಿದ್ದುದರಿಂದ ಮೊಣಕೈ ಉಳಿಯಿತು. ಎಡ ಮೊಣಕಾಲಿನ ಚಿಪ್ಪು ಮಾತ್ರ ಒಡೆಯಿತು. ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದ ಆ ಪ್ಯಾಂಟನ್ನು ನಮ್ಮ ಕೈಗೆ ಕೊಟ್ಟರು. ಬಟ್ಟೆ ಹರಿದಿತ್ತು, ರಕ್ತವಾಗಿತ್ತು. ಒಳಗಿನ ಆರ್ಮರನ್ನು ತೆಗೆದು ನೋಡಿದೆವು. ಅದರ ಮೇಲೆ ಒಂದು ಗೀರೂ ಇರಲಿಲ್ಲ. ಸಡಿಲವಾದ ಬಟ್ಟೆ ತಿರುಚಿಕೊಂಡು, ಆರ್ಮರು ಕಾಲಿನ ಹೊರಮಗ್ಗುಲಿಗೆ ಸರಿದು ಹೋಗಿತ್ತು; ನೆಲಕ್ಕೆ ತಾಗಿದ್ದು ಬರೀ ಮೊಣಕಾಲು. 'ಅದು ಇರಬೇಕಾದಲ್ಲಿ ಇದ್ದಿದ್ದರೆ ಮೂಳೆ ಒಡೆಯುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಅದು ಇರಬೇಕಾದಲ್ಲಿ ಇರಲಿಲ್ಲ ಎಂದು ಮಾತ್ರ ಹೇಳಬಲ್ಲೆ' ಎಂದರು ವೈದ್ಯರು. ಆ ಹುಡುಗ ಇಂದಿಗೂ ಲಿಂಗಪೂಜೆಗೆ ಕುಳಿತಾಗ ಎಡಗಾಲನ್ನು ಚಾಚಿಕೊಂಡೇ ಕೂರುತ್ತಾನೆ. ನಮ್ಮನ್ನು ಅವನು ಒಂದು ಮಾತೂ ಅನ್ನಲಿಲ್ಲ. ಅನ್ನದಿದ್ದುದೇ ನಮಗೆ ಹೆಚ್ಚು ನೋವಾಯಿತು.

ಅರಿಯದ ವಿಷಯದಲ್ಲಿ ಅಭಿಪ್ರಾಯ ಕೊಟ್ಟ ತಪ್ಪಿಗೆ ಪ್ರಾಯಶ್ಚಿತ್ತವೆಂದರೆ ಆ ವಿಷಯವನ್ನು ಅರಿಯುವುದು. ಅಂದಿನಿಂದ ಬಲ್ಲವರನ್ನು ಕೇಳಿ, ಓದಿ, ಅಂಗಡಿಗಳಲ್ಲಿ ಕೈಯಾರೆ ಮುಟ್ಟಿ ನೋಡಿ ತಿಳಿದುಕೊಂಡಷ್ಟನ್ನು ಓದುಗ ಬಂಧುಗಳ ಮುಂದೆ ಇರಿಸುತ್ತಿದ್ದೇವೆ. ಇಂದು ನಮ್ಮ ಸಮಾಜದಲ್ಲಿ ಬೈಕಿಲ್ಲದ ಮನೆ ವಿರಳ. ಅಂಗಡಿಗಳಲ್ಲಿ ಆರ್ಮರ್, ಪ್ಯಾಡ್, ಪ್ರೊಟೆಕ್ಟರ್ ಎಂದು ಕರೆಯುವ ಈ ವಸ್ತುವನ್ನು ಈ ಲೇಖನದಲ್ಲಿ ನಾವು 'ಒಳಗವಚ' ಎಂದು ಕರೆಯುತ್ತೇವೆ.

ಬಟ್ಟೆಯ ಕೆಲಸ ಬೇರೆ, ಒಳಗವಚದ ಕೆಲಸ ಬೇರೆ

ಬೈಕಿನಿಂದ ಬಿದ್ದವನ ದೇಹಕ್ಕೆ ಎರಡು ಬಗೆಯ ಹಾನಿಯುಂಟು. ಒಂದು, ಮುಂದಕ್ಕೆ ಚಲಿಸುತ್ತಿದ್ದ ದೇಹ ರಸ್ತೆಯ ಮೇಲೆ ಉಜ್ಜಿಕೊಂಡು ಹೋಗುವಾಗ ಆಗುವ ತರಚು. ಮತ್ತೊಂದು, ಮೇಲಿನಿಂದ ನೆಲಕ್ಕೆ ಬೀಳುವಾಗ, ಅಥವಾ ಕಲ್ಲು, ಕಂಬಗಳಿಗೆ ತಾಗುವಾಗ ಆಗುವ ಪೆಟ್ಟು. ತರಚನ್ನು ತಡೆಯುವುದು ಜಾಕೀಟು, ಪ್ಯಾಂಟುಗಳ ಗಟ್ಟಿ ಬಟ್ಟೆ ಅಥವಾ ಚರ್ಮ. ಪೆಟ್ಟನ್ನು ತಗ್ಗಿಸುವುದು ಅದರೊಳಗಿನ ಜೇಬುಗಳಲ್ಲಿ ಭುಜ, ಮೊಣಕೈ, ಸೊಂಟ, ಮೊಣಕಾಲು, ಬೆನ್ನುಗಳ ಜಾಗದಲ್ಲಿ ಇರಿಸುವ ಒಳಗವಚ. ಒಂದು ಮತ್ತೊಂದರ ಕೆಲಸವನ್ನು ಮಾಡಲಾರದು.

ಸವಾರನು ಎಷ್ಟೇ ವೇಗವಾಗಿ ಹೋಗುತ್ತಿರಲಿ, ಆಸನದ ಎತ್ತರದಿಂದ ನೆಲಕ್ಕೆ ಬೀಳುವ ವೇಗ ಆ ಎತ್ತರದಿಂದಲೇ ನಿರ್ಧಾರವಾಗುತ್ತದೆ. ಒಂದು ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 16 ಕಿಲೋಮೀಟರು. ಆದುದರಿಂದ 'ನಾವು ಊರೊಳಗೆ ನಿಧಾನವಾಗಿ ಓಡಿಸುವವರು, ನಮಗೇಕೆ ಇದೆಲ್ಲ' ಎನ್ನುವುದು ಸರಿಯಲ್ಲ. ಸಂತೆಗೆ ಹೋಗುವ ಸವಾರನೂ ಆ ಒಂದು ಮೀಟರಿನಷ್ಟು ಎತ್ತರದಿಂದಲೇ ಬೀಳುತ್ತಾನೆ.

ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ. ಇವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಅದೇ ವರ್ಷ ಹೆಲ್ಮೆಟ್ ಧರಿಸದೆ ಸತ್ತವರೇ ಐವತ್ತು ಸಾವಿರಕ್ಕೆ ಮಿಗಿಲು. ಹಾಗಾಗಿ ಮೊದಲ ಹಣ ತಲೆಗೆ ಸಲ್ಲಬೇಕು. ಐಎಸ್ 4151 ಗುರುತಿನ ಹೆಲ್ಮೆಟ್ಟಿಲ್ಲದವನು ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಮೊದಲು ಅದನ್ನು ಕೊಂಡು ಬರಲಿ. ಹೆಲ್ಮೆಟ್ಟಾದ ಮೇಲೆ ಉಳಿದ ದೇಹದ ಮಾತು.

ಗುರುತನ್ನು ಓದುವ ಬಗೆ

ನಮ್ಮ ಕಾನೂನು ತಲೆಯನ್ನು ಕುರಿತು ಹೇಳಿದೆ. ಮೊಣಕಾಲು ಮೊಣಕೈಗಳನ್ನು ಕುರಿತು ಸವಾರನಿಗೆ ಯಾವ ಕಟ್ಟಳೆಯನ್ನೂ ವಿಧಿಸಿಲ್ಲ. ಒಳಗವಚಗಳ ಮೇಲೆ ಸಾಮಾನ್ಯವಾಗಿ ಕಾಣುವುದು ಯುರೋಪಿನ ಮಾನದಂಡದ ಗುರುತು. ಅದರ ಹೆಸರು ಇಎನ್ 1621. ಇದರಲ್ಲಿ ಭಾಗಗಳಿವೆ. 1621-1 ಎಂಬುದು ಭುಜ, ಮೊಣಕೈ, ಸೊಂಟ, ಮೊಣಕಾಲುಗಳಿಗೆ, 1621-2 ಬೆನ್ನಿಗೆ, 1621-3 ಎದೆಗೆ, 1621-4 ಗಾಳಿ ತುಂಬಿಕೊಳ್ಳುವ ಏರ್‌ಬ್ಯಾಗ್ ಕವಚಗಳಿಗೆ.

ನಿಜವಾದ ಒಳಗವಚವನ್ನು ಜೇಬಿನಿಂದ ಹೊರತೆಗೆದು ನೋಡಿದರೆ ಅದರ ಮೈಮೇಲೆಯೇ ಬೈಕ್ ಸವಾರನ ಒಂದು ಪುಟ್ಟ ಚಿತ್ರ, ಮಾನದಂಡದ ಸಂಖ್ಯೆ, ದೇಹದ ಭಾಗವನ್ನು ಸೂಚಿಸುವ ಇಂಗ್ಲಿಷ್ ಅಕ್ಷರ, ಮತ್ತು 1 ಅಥವಾ 2 ಎಂಬ ಮಟ್ಟದ ಅಂಕಿ ಕಾಣುತ್ತವೆ. ಎಸ್ ಎಂದರೆ ಭುಜ, ಇ ಎಂದರೆ ಮೊಣಕೈ, ಎಚ್ ಎಂದರೆ ಸೊಂಟ, ಕೆ ಎಂದರೆ ಮೊಣಕಾಲು. ಇದರೊಡನೆ ಟೈಪ್ ಎ ಅಥವಾ ಟೈಪ್ ಬಿ ಎಂದಿರುತ್ತದೆ. ಎ ಎಂಬುದು ಕಡಿಮೆ ಜಾಗವನ್ನು ಮುಚ್ಚುತ್ತದೆ. ಬಿ ಹೆಚ್ಚು ಜಾಗವನ್ನು ಮುಚ್ಚುತ್ತದೆ. ಮೈಕಟ್ಟು ಒಗ್ಗುವುದಾದರೆ ಬಿಯನ್ನೇ ಆರಿಸುವುದು ಲೇಸು. ಬಟ್ಟೆಯ ಚೀಟಿಯ ಮೇಲೆ ಬರೀ 'ಸಿಇ' ಎಂದು ಅಚ್ಚಾಗಿದ್ದು, ಒಳಗಿನ ತುಂಡಿನ ಮೇಲೆ ಸಂಖ್ಯೆಯೂ ಚಿತ್ರವೂ ಇಲ್ಲದಿದ್ದರೆ ಅದನ್ನು ಒಳಗವಚವೆಂದು ನಂಬಲಾಗದು. ಅದು ಬರೀ ಮೆತ್ತೆಯಾಗಿರಬಹುದು.

ಈಗ ಮಟ್ಟದ ಮಾತು. ಪ್ರಯೋಗಾಲಯದಲ್ಲಿ ಒಳಗವಚವನ್ನು ಉಕ್ಕಿನ ಗುಂಡು ಅಡಿಗಲ್ಲಿನ ಮೇಲಿರಿಸಿ, ಸುಮಾರು 5 ಕಿಲೋಗ್ರಾಂ ತೂಕವನ್ನು ಒಂದು ಮೀಟರ್ ಎತ್ತರದಿಂದ ಅದರ ಮೇಲೆ ಬೀಳಿಸುತ್ತಾರೆ. ಕವಚವನ್ನು ದಾಟಿ ಕೆಳಗೆ ಎಷ್ಟು ಬಲ ಇಳಿಯಿತೆಂದು ಅಳೆಯುತ್ತಾರೆ. ಕೈಕಾಲುಗಳ ಕವಚದಲ್ಲಿ ಆ ಬಲದ ಸರಾಸರಿ 35 ಕಿಲೊನ್ಯೂಟನ್ ಮೀರದಿದ್ದರೆ ಮಟ್ಟ 1. 20 ಮೀರದಿದ್ದರೆ ಮಟ್ಟ 2. ಬೆನ್ನಿನ ನಿಯಮ ಇನ್ನೂ ಬಿಗಿ: 18 ಮೀರದಿದ್ದರೆ ಮಟ್ಟ 1, 9 ಮೀರದಿದ್ದರೆ ಮಟ್ಟ 2. ಒಂದು ಕಿಲೊನ್ಯೂಟನ್ನೆಂದರೆ ಸರಿಸುಮಾರು ಒಂದು ಕ್ವಿಂಟಲ್ ಧಾನ್ಯದ ಚೀಲ ಒತ್ತುವ ಬಲವೆಂದು ಎಣಿಸಿದರೆ, ಕ್ಷಣಮಾತ್ರದಲ್ಲಿ 35 ಚೀಲಗಳ ಒತ್ತಡ ಇಳಿಯುವುದಕ್ಕೂ 20 ಚೀಲಗಳದು ಇಳಿಯುವುದಕ್ಕೂ ಇರುವ ಅಂತರ ನಮ್ಮ ರೈತ ಬಂಧುಗಳಿಗೆ ಬೇಗ ತಿಳಿಯುತ್ತದೆ. ಮಟ್ಟದ ಅಂಕಿ ಹೆಚ್ಚಿದಷ್ಟೂ ದೇಹಕ್ಕೆ ಇಳಿಯುವ ಪೆಟ್ಟು ಕಡಿಮೆ.

ಬಹುಪಾಲು ಜಾಕೀಟುಗಳು ಮಟ್ಟ 1ರ ತುಂಡುಗಳೊಡನೆ ಬರುತ್ತವೆ. ಅವನ್ನು ತೆಗೆದು ಅದೇ ಜೇಬಿನಲ್ಲಿ ಮಟ್ಟ 2ನ್ನು ಇರಿಸಬಹುದು; ಬಿಡಿ ತುಂಡುಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಆದರೆ ಜೇಬಿನ ಆಕಾರಕ್ಕೂ ತುಂಡಿನ ಆಕಾರಕ್ಕೂ ಹೊಂದಿಕೆ ಇರಬೇಕು. ಹಳೆಯ ತುಂಡನ್ನು ಕಾಗದದ ಮೇಲಿರಿಸಿ ಅಂಚನ್ನು ಗೆರೆಯೆಳೆದು, ಆ ಕಾಗದವನ್ನು ಅಂಗಡಿಗೆ ಕೊಂಡೊಯ್ಯುವುದು ಸುಲಭೋಪಾಯ. ದೊಡ್ಡ ಜೇಬಿನಲ್ಲಿ ಸಣ್ಣ ತುಂಡು ಅಲೆದಾಡುತ್ತದೆ. ಸಣ್ಣ ಜೇಬಿನಲ್ಲಿ ದೊಡ್ಡದು ಮಡಿಚಿಕೊಳ್ಳುತ್ತದೆ. ಕತ್ತರಿಯಿಂದ ಕತ್ತರಿಸಿ ಹೊಂದಿಸುವುದು ಮಾತ್ರ ಕೂಡದು. ಹಾಗೆ ಮಾಡಿದರೆ ಆ ಗುರುತಿಗೆ ಅರ್ಥವೇ ಉಳಿಯುವುದಿಲ್ಲ.

ಮೆದುವೋ, ಗಟ್ಟಿಯೋ?

ಮೊದಲ ಕಾಲದ ಕವಚಗಳು ಗಟ್ಟಿ ಪ್ಲಾಸ್ಟಿಕ್ ಚಿಪ್ಪು, ಒಳಗೆ ಮೆತ್ತೆ ಎಂಬ ರೀತಿಯವು. ಮೊನಚಾದ ಕಲ್ಲು ತಾಗಿದಾಗ ಆ ಬಲವನ್ನು ಅಗಲಕ್ಕೆ ಹಂಚುವುದು ಚಿಪ್ಪಿನ ಗುಣ. ಧರಿಸಲು ಅವು ತೊಡಕು. ತೊಡಕೆನಿಸಿದ್ದನ್ನು ನಮ್ಮ ಮಕ್ಕಳು ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಈಗ ಹೆಚ್ಚು ಬಳಕೆಯಲ್ಲಿರುವುದು ಮೆದುವಾದ, ಬಾಗುವ ಒಳಗವಚ. ಮೆಲ್ಲಗೆ ಒತ್ತಿದರೆ ಬೆಣ್ಣೆಯಂತೆ ಬಾಗಿ, ಹಠಾತ್ತನೆ ಪೆಟ್ಟು ಬಿದ್ದಾಗ ಬಿಗಿಯಾಗುವ ವಸ್ತುಗಳಿಂದ ಇವುಗಳಲ್ಲಿ ಹಲವನ್ನು ಮಾಡುತ್ತಾರೆ. ಬ್ರಿಟನ್ನಿನ ರಿಚರ್ಡ್ ಪಾಮರ್ 1999ರಲ್ಲಿ ಕಂಡುಹಿಡಿದ ಡಿ3ಒ ಇಂತಹ ಒಂದು ವಸ್ತು. ಇದರ ತತ್ತ್ವವನ್ನು ಅಡುಗೆಮನೆಯಲ್ಲಿಯೇ ಮಕ್ಕಳಿಗೆ ತೋರಿಸಬಹುದು. ಕಾರ್ನ್‌ಫ್ಲೋರನ್ನು ಸ್ವಲ್ಪ ನೀರಿನಲ್ಲಿ ಮಂದವಾಗಿ ಕಲಸಿ, ಬೆರಳನ್ನು ನಿಧಾನವಾಗಿ ಇಳಿಸಿದರೆ ಇಳಿಯುತ್ತದೆ. ಗುದ್ದಿದರೆ ಗಟ್ಟಿ ನೆಲದಂತೆ ತಡೆಯುತ್ತದೆ.

ಇಂತಹ ವಸ್ತುಗಳಲ್ಲಿ ಹಲವು ಬಿಸಿಲಿಗೆ ಮೆದುವಾಗುತ್ತವೆ, ಚಳಿಗೆ ಬಿರುಸಾಗುತ್ತವೆ. ಆದುದರಿಂದ ಕೆಲವು ತುಂಡುಗಳನ್ನು ಬಿಸಿಯಲ್ಲಿಯೂ ಚಳಿಯಲ್ಲಿಯೂ ಪರೀಕ್ಷಿಸಿರುತ್ತಾರೆ. 'ಟಿ' ಅಕ್ಷರದ ಮುಂದೆ ಕೂಡುವ ಚಿಹ್ನೆಯಿದ್ದರೆ 40 ಡಿಗ್ರಿ ಶಾಖದಲ್ಲಿ ಪರೀಕ್ಷಿಸಿ ತೇರ್ಗಡೆಯಾದದ್ದು ಎಂದರ್ಥ; ಕಳೆಯುವ ಚಿಹ್ನೆಯಿದ್ದರೆ ಶೂನ್ಯಕ್ಕಿಂತ 10 ಡಿಗ್ರಿ ಕೆಳಗೆ. ಯುರೋಪಿನವರಿಗೆ ಚಳಿಯ ಗುರುತು ಮುಖ್ಯವಾದರೆ, ವೈಶಾಖದಲ್ಲಿ ಕಲಬುರಗಿ, ರಾಯಚೂರು, ವಿಜಯಪುರಗಳಲ್ಲಿ ಸವಾರಿ ಮಾಡುವ ನಮಗೆ ಬಿಸಿಯ ಗುರುತು ಮುಖ್ಯ. ಎರಡು ತುಂಡುಗಳಲ್ಲಿ ಉಳಿದುದೆಲ್ಲ ಸಮನಾಗಿದ್ದರೆ ಟಿ ಕೂಡುವ ಚಿಹ್ನೆಯದನ್ನು ಆರಿಸಬೇಕು. ರಂಧ್ರಗಳಿರುವ ತುಂಡನ್ನೂ ಜಾಲರಿ ಬಟ್ಟೆಯ ಜಾಕೀಟನ್ನೂ ಕೊಂಡರೆ ಗಾಳಿಯಾಡುತ್ತದೆ. ಗಾಳಿಗಾಗಿ ಅಳತೆಯನ್ನು ಸಡಿಲಿಸಬೇಕಾಗಿಲ್ಲ. ಇದು ನಮಗೆ ಅಂದು ತಿಳಿದಿರಲಿಲ್ಲ.

ಬೆನ್ನಿನ ಖಾಲಿ ಜೇಬು

ಜಾಕೀಟನ್ನು ಕೊಳ್ಳುವವರು ಗಮನಿಸದೆ ಬಿಡುವ ಸಂಗತಿಯೊಂದಿದೆ. ಸವಾರರ ಉಡುಪುಗಳಿಗೆ ಯುರೋಪಿನಲ್ಲಿ ಇಎನ್ 17092 ಎಂಬ ಬೇರೊಂದು ಮಾನದಂಡವಿದ್ದು, ಅದರಲ್ಲಿ ಎಎಎ, ಎಎ, ಎ, ಬಿ, ಸಿ ಎಂಬ ದರ್ಜೆಗಳಿವೆ. ಈ ಯಾವ ದರ್ಜೆಯೂ ಬೆನ್ನಿನ ಕವಚವನ್ನು ಕಡ್ಡಾಯಗೊಳಿಸಿಲ್ಲ. ಅತ್ಯುತ್ತಮ ದರ್ಜೆಯ ಜಾಕೀಟಿನ ಬೆನ್ನಿನ ಜೇಬು ಖಾಲಿಯಿರಬಹುದು, ಇಲ್ಲವೇ ಅದರಲ್ಲಿ ಹಾಸಿಗೆಯ ಸ್ಪಂಜಿನಂತಹ ಹಾಳೆಯೊಂದು ಇರಬಹುದು. ಅದು ಆಕಾರ ಉಳಿಸಲು ಇಟ್ಟದ್ದು, ಬೆನ್ನು ಉಳಿಸಲು ಅಲ್ಲ. ಕೈಹಾಕಿ ತೆಗೆದು ಗುರುತು ನೋಡದೆ ಹಣ ಕೊಡಬಾರದು.

ಬೆನ್ನಿನ ಕವಚದ ಮೇಲೆ ಎಫ್‌ಬಿ ಎಂದಿದ್ದರೆ ಬೆನ್ನಿನ ಹೆಚ್ಚಿನ ಭಾಗವನ್ನು ಮುಚ್ಚುವಂಥದು. ಸಿಬಿ ಎಂದಿದ್ದರೆ ನಡುಬೆನ್ನಿನ ಭಾಗಕ್ಕೆ ಮಾತ್ರ. ಇದರ ಅಳತೆಯನ್ನು ಸವಾರನ ಒಟ್ಟು ಎತ್ತರದಿಂದ ನಿರ್ಧರಿಸುವುದಕ್ಕಿಂತ ಸೊಂಟದಿಂದ ಭುಜದವರೆಗಿನ ಉದ್ದದಿಂದ ನಿರ್ಧರಿಸಬೇಕು. ಎತ್ತರದ ಹುಡುಗನ ಬೆನ್ನು ಗಿಡ್ಡದಾಗಿ ಕಾಲು ಉದ್ದವಿರಬಹುದು. ಮನೆಯಲ್ಲಿ ದರ್ಜಿಯ ಟೇಪಿನಿಂದ ಒಬ್ಬರು ಅಳೆದು ಬರೆದುಕೊಳ್ಳುವುದು ಎರಡು ನಿಮಿಷದ ಕೆಲಸ.

ಅಳತೆಯೇ ಪ್ರಧಾನ

ಮಟ್ಟ, ವಸ್ತು, ಗುರುತು ಎಂದು ಇಷ್ಟೆಲ್ಲ ಹೇಳಿದ ಮೇಲೆ ಮುಖ್ಯವಾದ ಮಾತಿಗೆ ಬರೋಣ. ಜಾರಿ ಹೋಗುವ ಮಟ್ಟ 2ಕ್ಕಿಂತ ಜಾಗ ಬಿಡದೆ ನಿಲ್ಲುವ ಮಟ್ಟ 1 ಮೇಲು. ಪ್ರಯೋಗಾಲಯದಲ್ಲಿ ಒಳಗವಚವನ್ನು ತೂಕದ ಕೆಳಗೆ ಸರಿಯಾಗಿ ಇರಿಸಿಯೇ ಪರೀಕ್ಷಿಸುತ್ತಾರೆ. ರಸ್ತೆಯ ಮೇಲೆ ಹಾಗೆ ಇರಿಸಿಕೊಡುವವರಾರು? ಬಟ್ಟೆಯ ಅಳತೆಯೇ ಆ ಕೆಲಸವನ್ನು ಮಾಡಬೇಕು.

ಪರೀಕ್ಷಿಸುವ ಕ್ರಮ ಹೀಗೆ. ಅಂಗಡಿಯ ಕನ್ನಡಿಯ ಮುಂದೆ ನೆಟ್ಟಗೆ ನಿಂತು ನೋಡಿದರೆ ಸಾಲದು. ಬೈಕಿನ ಮೇಲೆ, ಅದಿಲ್ಲವಾದರೆ ಕುರ್ಚಿಯ ಮೇಲೆ ಸವಾರಿಯ ಭಂಗಿಯಲ್ಲಿ ಕುಳಿತು ಕೈಗಳನ್ನು ಮುಂದಕ್ಕೆ ಚಾಚಬೇಕು. ಕುಳಿತಾಗ ಪ್ಯಾಂಟು ಮೇಲಕ್ಕೆ ಎಳೆಯಲ್ಪಡುತ್ತದೆ. ನಿಂತಾಗ ಮೊಣಕಾಲಿಗೆ ಸರಿಯಾಗಿದ್ದ ತುಂಡು ಕುಳಿತಾಗ ತೊಡೆಗೆ ಏರಿರಬಹುದು. ಕುಳಿತ ಭಂಗಿಯಲ್ಲಿ ಕವಚದ ಬಟ್ಟಲಿನಂತಹ ಭಾಗ ಮೊಣಕಾಲ ಚಿಪ್ಪಿನ ಮೇಲೆ ನೆಲೆಸಿ, ಅದರ ತುದಿ ಕೆಳಗಿನ ಎಲುಬಿನ ಮೇಲೂ ಒಂದಿಷ್ಟು ಇಳಿದಿರಬೇಕು. ಅನೇಕ ಪ್ಯಾಂಟುಗಳ ಒಳಜೇಬಿನಲ್ಲಿ ತುಂಡನ್ನು ಏರಿಸಿ ಇಳಿಸಲು ವೆಲ್ಕ್ರೋ ಪಟ್ಟಿ ಇರುತ್ತದೆ, ಅದನ್ನು ಬಳಸಬೇಕು. ಆಮೇಲೆ ಮತ್ತೊಬ್ಬರಿಂದ ಬಟ್ಟೆಯ ಮೇಲಿನಿಂದಲೇ ಆ ತುಂಡನ್ನು ಹಿಡಿದು ಪಕ್ಕಕ್ಕೆ ತಿರುಗಿಸಲು ಹೇಳಬೇಕು. ಬೆರಳಿಗೆ ತಿರುಗುವ ಕವಚ ರಸ್ತೆಗೆ ತಿರುಗದೆ ಇರುವುದಿಲ್ಲ. ಮೊಣಕೈ, ಭುಜಗಳಿಗೂ ಇದೇ ಪರೀಕ್ಷೆ. ತೋಳು, ಸೊಂಟಗಳಲ್ಲಿರುವ ಬಿಗಿಪಟ್ಟಿಗಳನ್ನು ಅಲಂಕಾರಕ್ಕೆ ಇಟ್ಟಿಲ್ಲ. ಸವಾರಿಗೆ ಮೊದಲು ಎಳೆದು ಕಟ್ಟಿಕೊಳ್ಳಬೇಕು.

ಬೆಳೆಯುವ ಮಕ್ಕಳಿಗೆ ಅಂಗಿಯನ್ನು ದೊಡ್ಡದಾಗಿ ಹೊಲಿಸುವ ನಮ್ಮ ಮನೆಗಳ ಮಿತವ್ಯಯದ ಪದ್ಧತಿ ಶಾಲೆಯ ಸಮವಸ್ತ್ರಕ್ಕೆ ಸರಿ. ಅಣ್ಣನದು ತಮ್ಮನಿಗೆ ಎಂಬ ಪದ್ಧತಿಯೂ ಸರಿ. ಕವಚಕ್ಕೆ ಮಾತ್ರ ಇವೆರಡೂ ಸಲ್ಲವು. ಈ ಮಾತನ್ನು ಬರೆಯುವಾಗ ಗೀರಿಲ್ಲದ ಆ ತುಂಡು ನಮ್ಮ ಕಣ್ಣ ಮುಂದೆ ಬರುತ್ತದೆ.

ಪೂರ್ಣ ಉಡುಪು ಕೊಳ್ಳಲಾಗದವರಿಗೂ ದಾರಿಯಿದೆ. ದಿನದ ಬಟ್ಟೆಯ ಮೇಲೆ ಪಟ್ಟಿಗಳಿಂದ ಕಟ್ಟಿಕೊಳ್ಳುವ ಮೊಣಕಾಲ ಕವಚ, ಅಂಗಿಯೊಳಗೆ ಧರಿಸುವ ಜಾಲರಿಯ ಕವಚದಂಗಿ ದೊರೆಯುತ್ತವೆ. ಮೈಗೆ ಪಟ್ಟಿಯಿಂದ ಬಿಗಿದಿರುವುದರಿಂದ ಇವು ಜಾರುವುದು ಕಡಿಮೆ. ಆದರೆ ಬಟ್ಟೆಯ ತೆಳುವಿನಿಂದಾಗಿ ಕವಚವಿಲ್ಲದ ಭಾಗಕ್ಕೆ ತರಚು ತಪ್ಪದೆಂಬುದನ್ನು ತಿಳಿದೇ ಕೊಳ್ಳಬೇಕು.

ಕವಚದ ಮಿತಿ

ಇದೆಲ್ಲದರಿಂದ ಪ್ರಯೋಜನವುಂಟೆ ಎಂದು ಕೇಳುವವರಿಗೆ ಆಸ್ಟ್ರೇಲಿಯದ ಅಧ್ಯಯನವೊಂದು ಉತ್ತರ ಕೊಡುತ್ತದೆ. ಲಿಜ್ ಡಿ ರೋಮ್ ಮತ್ತು ಸಂಗಡಿಗರು 2008-09ರಲ್ಲಿ ಅಪಘಾತಕ್ಕೀಡಾದ 212 ಸವಾರರನ್ನು ಪರಿಶೀಲಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಸವಾರಿಯ ಪ್ಯಾಂಟು ಧರಿಸಿದವರು ಆಸ್ಪತ್ರೆಗೆ ದಾಖಲಾಗುವ ಸಂಭವ ಧರಿಸದವರ ಅರ್ಧದಷ್ಟಿತ್ತು. ಒಳಗವಚವಿದ್ದ ಉಡುಪಿನಿಂದ ಮೇಲ್ಮೈಗೆ ಗಾಯವಾಗುವ ಸಂಭವ ನೂರಕ್ಕೆ 23ರಷ್ಟೂ ಕಾಲುಗಳಿಗೆ ನೂರಕ್ಕೆ 40ರಷ್ಟೂ ಕಡಿಮೆಯಿತ್ತು. ಅದೇ ಅಧ್ಯಯನ ಮತ್ತೊಂದನ್ನೂ ಹೇಳಿತು: ಪರೀಕ್ಷಿಸಿದ ಜಾಕೀಟುಗಳಲ್ಲಿ ಹತ್ತಿರ ಹತ್ತಿರ ನೂರಕ್ಕೆ 30 ಬಟ್ಟೆ ಹರಿದು ವಿಫಲವಾಗಿದ್ದವು. ಗ್ರಾಹಕರಿಗೆ ತಿಳಿಯಲೆಂದು ಆಸ್ಟ್ರೇಲಿಯ ಹಾಗೂ ನ್ಯೂಜಿಲೆಂಡಿನಲ್ಲಿ 2018ರಲ್ಲಿ ಮೋಟೊಕ್ಯಾಪ್ ಎಂಬ ಯೋಜನೆ ಆರಂಭವಾಗಿ, ಅಂಗಡಿಯಲ್ಲಿ ಮಾರುವ ಉಡುಪುಗಳನ್ನೇ ಪರೀಕ್ಷಿಸಿ ಅಂಕ ಕೊಡುವ ಪದ್ಧತಿ ಬಂದಿತು.

ಹಾಗೆಂದು ಒಳಗವಚವನ್ನು ಅಭಯಹಸ್ತವೆಂದು ಭಾವಿಸಲಾಗದು. ಮನುಷ್ಯನ ಎಲುಬು 35 ಕಿಲೊನ್ಯೂಟನ್ನಿಗಿಂತ ಬಹಳ ಕಡಿಮೆ ಬಲಕ್ಕೇ ಮುರಿಯಬಲ್ಲದು. ತರಚು, ಸೀಳು, ಜಜ್ಜುಗಾಯಗಳನ್ನು ಒಳಗವಚ ಚೆನ್ನಾಗಿ ತಗ್ಗಿಸುತ್ತದೆ. ಎಲುಬು ಮುರಿಯದೆಂಬ ಭರವಸೆಯನ್ನು ಕೊಡದು. ಬೆನ್ನಿನ ಕವಚ ನೇರ ಪೆಟ್ಟನ್ನು ತಡೆದೀತು, ಬೆನ್ನುಹುರಿ ತಿರುಚುವುದನ್ನು ತಡೆಯಲಾರದು. ಎದುರಿನಿಂದ ಬರುವ ಲಾರಿಯ ಮುಂದೆ ಯಾವ ಕವಚವೂ ಕವಚವಲ್ಲ. ಕವಚ ಧರಿಸಿದೆನೆಂದು ವೇಗ ಹೆಚ್ಚಿಸುವವನು ಕವಚವಿಲ್ಲದವನಿಗಿಂತ ಹೆಚ್ಚಿನ ಅಪಾಯವನ್ನು ತಂದುಕೊಳ್ಳುತ್ತಾನೆ.

ಗಟ್ಟಿಯಾದ ಪೆಟ್ಟು ಬಿದ್ದ ತುಂಡನ್ನು, ಬಿರುಕು ಬಿಟ್ಟದ್ದನ್ನು, ಗಡುಸಾಗಿ ಪುಡಿ ಉದುರುವುದನ್ನು ಬದಲಿಸಬೇಕು. ಬಟ್ಟೆ ಒಗೆಯುವಾಗ ಒಳಗವಚವನ್ನು ಹೊರತೆಗೆದು, ಬೇರೆಯಾಗಿ ಒರೆಸಿ ನೆರಳಿನಲ್ಲಿ ಒಣಗಿಸಬೇಕು. ಮರಳಿ ಇರಿಸುವಾಗ ಎಡಬಲ, ಮೇಲುಕೆಳಗು ತಪ್ಪದಂತೆ ನೋಡಬೇಕು. ವರ್ಷಕ್ಕೊಮ್ಮೆ ವಾಹನಗಳನ್ನು ತೊಳೆದು ಶುಚಿಗೊಳಿಸುವ ದಿನ ಇವನ್ನೂ ಹೊರತೆಗೆದು ನೋಡುವ ಪದ್ಧತಿಯನ್ನು ಇಟ್ಟುಕೊಂಡರೆ ಮರೆಯುವುದಿಲ್ಲ.

ಮನೆಯವರಿಗೆ ಎರಡು ಮಾತು

ನಮ್ಮ ಬಾಂಧವರಿಗೆ ವಿಶೇಷವಾಗಿ ಸಲ್ಲುವ ಸೂಚನೆಯೊಂದನ್ನು ಇಲ್ಲಿ ಹೇಳಬೇಕು. ಬೀಳುವಾಗ ನೆಲಕ್ಕೂ ದೇಹಕ್ಕೂ ನಡುವೆ ಸಿಕ್ಕ ಗಟ್ಟಿ ವಸ್ತು ಗಾಯವನ್ನು ಹೆಚ್ಚಿಸುತ್ತದೆ. ಜೇಬಿನ ಕೀಲಿಕೈ, ಮೊಬೈಲುಗಳಿಗೆ ಅನ್ವಯಿಸುವ ಈ ನಿಯಮ ಎದೆಯ ಮೇಲಿನ ಬೆಳ್ಳಿಯ ಕರಡಿಗೆಗೂ ಅನ್ವಯಿಸುತ್ತದೆ. ಇಷ್ಟಲಿಂಗವನ್ನು ತೆಗೆದಿರಿಸಿ ಹೊರಡಬೇಕೆಂದು ನಾವು ಹೇಳಲಾರೆವು, ಹೇಳುವುದೂ ಇಲ್ಲ. ದೂರದ ಸವಾರಿಗೆ ಹೊರಡುವವರು ಲಿಂಗವನ್ನು ಮೆದು ವಸ್ತ್ರದಲ್ಲಿ ಕಟ್ಟಿ ಧರಿಸುವ ರೂಢಿಯನ್ನು ಅನುಸರಿಸಬಹುದು. ಎದೆಗವಚ ಕೊಳ್ಳುವವರು ಎಡಬಲಗಳಲ್ಲಿ ಎರಡು ಭಾಗವಾಗಿ ಬರುವುದನ್ನು ಆರಿಸಿದರೆ ನಡುವೆ ಲಿಂಗಕ್ಕೆ ಎಡೆಯಿರುತ್ತದೆ. ಶಿವದಾರ ಬಿಗಿಪಟ್ಟಿಗಳಿಗೆ ಸಿಕ್ಕಿಕೊಳ್ಳದಂತೆ ಅಂಗಿಯೊಳಗೆ ಸೇರಿಸಿಕೊಳ್ಳಬೇಕು.

'ಕಾಯುವವನು ಶಿವ, ಈ ರಬ್ಬರಿನ ತುಂಡು ಏನು ಕಾದೀತು' ಎಂದು ಹೇಳುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಭಕ್ತಿಗೆ ನಮ್ಮ ನಮಸ್ಕಾರ. ಆದರೆ ಅವರೂ ರಾತ್ರಿ ಬಾಗಿಲಿಗೆ ಅಗಳಿ ಹಾಕಿಯೇ ಮಲಗುತ್ತಾರೆ. ಶರಣರು ದೇಹವನ್ನು ತುಚ್ಛವೆಂದು ಕಡೆಗಣಿಸಲಿಲ್ಲ. ಕಾಯಕ ಮಾಡಲು ಕಾಯ ಬೇಕು; ಅಂಗವಿದ್ದರಲ್ಲವೆ ಲಿಂಗಕ್ಕೆ ನೆಲೆ? ಕೊಟ್ಟ ದೇಹವನ್ನು ಜೋಪಾನ ಮಾಡುವುದು ಅಪನಂಬಿಕೆಯಲ್ಲ, ಕೊಟ್ಟವನಿಗೆ ಸಲ್ಲಿಸುವ ಗೌರವ.

ಹೆಲ್ಮೆಟ್ಟಿನ ಕಥೆಯನ್ನೇ ನೋಡಿ. 1935ರಲ್ಲಿ ಲಾರೆನ್ಸ್ ಆಫ್ ಅರೇಬಿಯ ಎಂದು ಹೆಸರಾದ ಟಿ. ಇ. ಲಾರೆನ್ಸ್ ಬೈಕಿನಿಂದ ಬಿದ್ದು ಆರು ದಿನಗಳ ತರುವಾಯ ತೀರಿಕೊಂಡಾಗ, ಚಿಕಿತ್ಸೆಗೆ ಬಂದಿದ್ದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರವೈದ್ಯರೂ ಒಬ್ಬರು. ಅವರು 1941ರಲ್ಲಿ ಸೈನ್ಯದ ಬೈಕ್ ಸವಾರರ ತಲೆಪೆಟ್ಟುಗಳನ್ನು ಕುರಿತು ಲೇಖನ ಬರೆದು ಹೆಲ್ಮೆಟ್ಟಿನ ಅಗತ್ಯವನ್ನು ತೋರಿಸಿಕೊಟ್ಟರು. ನಮ್ಮ ರಾಜ್ಯದಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಅಂದು ಗೊಣಗಿದವರೂ ಇಂದು ಧರಿಸುತ್ತಿದ್ದಾರೆ. ತಲೆಯ ವಿಷಯದಲ್ಲಿ ತಿಳಿವಳಿಕೆ ಬರಲು ಎಪ್ಪತ್ತೈದು ವರ್ಷ ಹಿಡಿಯಿತು; ಮೊಣಕಾಲಿನ ವಿಷಯದಲ್ಲಿ ಅಷ್ಟು ಕಾಯಬೇಕಾಗಿಲ್ಲ.

ಮದುವೆಯಲ್ಲಿ ಅಳಿಯನಿಗೆ ಬೈಕು ಕೊಡುವ, ಮಗ ಪಾಸಾದಾಗ ಬೈಕು ಕೊಡಿಸುವ ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹ. ಬೈಕಿನ ಬೆಲೆಯನ್ನು ಲೆಕ್ಕ ಹಾಕುವಾಗಲೇ ಹೆಲ್ಮೆಟ್ಟು, ಕೈಗವಸು, ಗಟ್ಟಿ ಬೂಟು, ಜಾಕೀಟು, ಪ್ಯಾಂಟುಗಳ ಬೆಲೆಯನ್ನೂ ಕೂಡಿಸಿಕೊಳ್ಳಿ. ಅಷ್ಟು ಹಣವಿಲ್ಲವಾದರೆ ಒಂದು ಮೆಟ್ಟಿಲು ಕಡಿಮೆ ಬೈಕನ್ನು ಕೊಳ್ಳಿ. ಕೊಳ್ಳುವಾಗ ಹಿರಿಯರೂ ಜೊತೆಗೆ ಹೋಗಿ. ಆದರೆ ನಮ್ಮಂತೆ ಹೋಗಬೇಡಿ. ಮಗನನ್ನು ಕುರ್ಚಿಯ ಮೇಲೆ ಕೂರಿಸಿ, ಅವನ ಮೊಣಕಾಲಿನ ಮೇಲಿನ ತುಂಡನ್ನು ನಿಮ್ಮ ಕೈಯಿಂದಲೇ ಹಿಡಿದು ತಿರುಗಿಸಿ ನೋಡಿ.

ಕಳೆದ ದೀಪಾವಳಿಗೆ ಮುಂಚೆ ತಮ್ಮನ ಮಗ ಹೊಸ ಪ್ಯಾಂಟು ಕೊಂಡ. ಈ ಸಲವೂ ನಮ್ಮನ್ನು ಕರೆದುಕೊಂಡು ಹೋದ. ಅವನು ಕರೆದನೆಂಬುದೇ ನಮಗೆ ದೊಡ್ಡದು. ಅಂಗಡಿಯ ಕುರ್ಚಿಯಲ್ಲಿ ಅವನು ಕುಳಿತ. ನಾವು ನೆಲದ ಮೇಲೆ ಮಂಡಿಯೂರಿ, ಆ ಎಡ ಮೊಣಕಾಲಿನ ಮೇಲೆ ಕೈಯಿರಿಸಿ, ಕವಚವನ್ನು ಬಲವಾಗಿ ತಿರುಗಿಸಿದೆವು. ಅದು ಕದಲಲಿಲ್ಲ. 'ಬಿಗಿಯಾಯಿತೆ?' ಎಂದು ಕೇಳಿದೆವು. 'ಆಯಿತು ದೊಡ್ಡಪ್ಪ, ಇರಲಿ' ಎಂದ.